ಫಿರಂಗಿ ಇನ್ನೂ ಕೆಲಸ ಮಾಡ್ತಿದೆ

ವಯಸ್ಸು 21. ಅಧಿಕಾರಿಯಾಗಿ ಇನ್ನೂ ಆರೇ ತಿಂಗಳು. ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರಪಾಲ್.

1971ರ ಯುದ್ಧಕ್ಕೆ ಹೊರಟಾಗ ಈ ಹುಡುಗ ಗಾಲ್ಫ್ ಕೋಲುಗಳನ್ನೂ ಜೊತೆಗೆ ಕಟ್ಟಿಕೊಂಡಿದ್ದನಂತೆ. ಲಾಹೋರಿನಲ್ಲಿ ಗಾಲ್ಫ್ ಆಡ್ತೀನಿ ಅನ್ನೋ ಉತ್ಸಾಹ!

ಡಿಸೆಂಬರ್ 16. ಶಕರ್‌ಗಢ ವಲಯದ ಬಸಂತರ್ ನದಿ. ಎದುರಿಗೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು. ಅರುಣನ ಸೆಂಚುರಿಯನ್ ಟ್ಯಾಂಕು, ಹೆಸರು 'ಫಾಮಗುಸ್ತಾ', ಏಟು ತಿಂದು ಹೊತ್ತಿಕೊಂಡಿತು. ಬಿಟ್ಟು ಇಳಿ ಅಂತ ರೇಡಿಯೊದಲ್ಲಿ ಆದೇಶ. ಫಿರಂಗಿ ಇನ್ನೂ ಕೆಲಸ ಮಾಡ್ತಿದೆ, ಇಳಿಯಲ್ಲ ಅಂದ. ಹೊಡೀತಾನೇ ಇದ್ದ. ಕೊನೆಯ ಏಟು ಬಿದ್ದಿದ್ದು ಆಮೇಲೆ. ಮರಣೋತ್ತರವಾಗಿ ಪರಮವೀರ ಚಕ್ರ ಬಂತು.

ಇಲ್ಲಿಗೆ ಕಥೆ ಮುಗಿಯಲಿಲ್ಲ. 2001ರಲ್ಲಿ ಅವನ ತಂದೆ, ನಿವೃತ್ತ ಬ್ರಿಗೇಡಿಯರ್ ಎಂ.ಎಲ್. ಖೇತರಪಾಲ್, ತಮ್ಮ ಹುಟ್ಟೂರು ಸರ್ಗೋಧಾ ನೋಡಲು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಅವರನ್ನು ಮನೆಗೆ ಕರೆದು ಉಪಚರಿಸಿದವರು ಪಾಕಿಸ್ತಾನ ಸೇನೆಯ ಬ್ರಿಗೇಡಿಯರ್ ನಾಸರ್. ಆದರದಲ್ಲಿ ಒಂದಿಷ್ಟೂ ಕೊರತೆಯಿಲ್ಲ. ಹೊರಡುವ ಮುನ್ನಾ ರಾತ್ರಿ ಆತ ಬಾಯಿಬಿಟ್ಟರು: ಬಸಂತರ್‌ನಲ್ಲಿ ನಿಮ್ಮ ಮಗ ಸತ್ತಿದ್ದು ನನ್ನ ಕೈಯಲ್ಲೇ. ಆ ಅಪ್ಪ ಅದನ್ನು ಹೇಗೆ ಕೇಳಿಸಿಕೊಂಡರೋ! ಆ ಅಪ್ಪನ ಧೈರ್ಯವೂ ನನಗೆ ಮಗನ ಧೈರ್ಯದಷ್ಟೇ ದೊಡ್ಡದಾಗಿ ಕಾಣುತ್ತೆ.

ಅರುಣನ ಕಥೆ ಮಕ್ಕಳಿಗೆ ಹೇಳುವಾಗ ಆ ತಂದೆಯ ಲಾಹೋರ್ ಪ್ರಯಾಣವನ್ನೂ ಸೇರಿಸಿ ಹೇಳಿ.