ಊನೋದರ ಮತ್ತು ಮೈತೂಕ

ಅಡತಿ ಅಂಗಡಿಯ ಗಾದಿಯ ಮೇಲೆ ದಿನವಿಡೀ ಕುಳಿತವರಿಗೆ ಹೊಟ್ಟೆ ಬರುವುದು ಸಹಜ. ದೇವದುರ್ಗದಲ್ಲಿ ಮುಂಜಾನೆ ಮಂಡಾಳ ಒಗ್ಗರಣೆ, ಜೊತೆಗೆ ಎರಡು ಮಿರ್ಚಿ. ಗಿರಾಕಿ ಬಂದಾಗಲೆಲ್ಲ ಸಕ್ಕರೆ ಚಹಾ. ವ್ಯಾಪಾರದಲ್ಲಿ ಪೈಸೆ ಬಿಡದವರೂ ಇವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇದೆ.

ಆರು ಬಾಹ್ಯ ತಪಗಳಲ್ಲಿ ಎರಡನೆಯದು ಅವಮೌದರ್ಯ, ಅಂದರೆ ಊನೋದರ: ಹಸಿವಿಗಿಂತ ಕಡಿಮೆ ಉಣ್ಣುವುದು. ನಾಲ್ಕನೆಯದು ರಸಪರಿತ್ಯಾಗ, ತುಪ್ಪ, ಎಣ್ಣೆ, ಸಿಹಿ ಮೊದಲಾದ ರಸಗಳನ್ನು ಬಿಡುವುದು. ಇವನ್ನು ಹೇಳಿದ್ದು ಕರ್ಮನಿರ್ಜರೆಗೆ, ತೂಕ ಇಳಿಸಲಿಕ್ಕಲ್ಲ. ಆದರೂ ಮೂರು ಜೋಳದ ರೊಟ್ಟಿ ಉಣ್ಣುವವರು ಎರಡಕ್ಕೆ ನಿಲ್ಲಿಸಿ, ಹೆಸರುಕಾಳು ಪಲ್ಯ, ಸೌತೆಕಾಯಿ ಹೆಚ್ಚಿಸಿಕೊಂಡರೆ ಮೈ ಹಗುರಾಗುತ್ತದೆ.

ಉಪವಾಸ ಮಾಡಿ, ಪಾರಣೆಯ ದಿನ ಹೋಳಿಗೆ ತುಪ್ಪ ಹೊಡೆದರೆ ಇಳಿದದ್ದು ಮತ್ತೆ ಏರುತ್ತದೆ. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ರಕ್ತದಲ್ಲಿ ಸಕ್ಕರೆ ತೀರ ಇಳಿದು ಎಚ್ಚರ ತಪ್ಪಬಹುದು.

ಸೂರ್ಯಾಸ್ತದ ಮೊದಲು ಉಂಡದ್ದು ಸರಿ, ಉಂಡ ಕೂಡಲೇ ಮತ್ತೆ ಗಾದಿಗೆ ಕೂರುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ವ್ಯಾಯಾಮ ಹೇಳಿದೆ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಬಸದಿಗೋ ಮಂದಿರಕ್ಕೋ ನಡೆದು ಹೋಗಿಬಂದರೆ ಅದೂ ಲೆಕ್ಕಕ್ಕೆ ಬರುತ್ತದೆ; ಬೈಕು ಮನೆಯಲ್ಲೇ ಇರಲಿ.