ಟ್ರಂಕಿನ ಮೇಲಿನ ಕೆಂಪು ಮಾತ್ರೆ

ಐ.ಡಿ.ಹಳ್ಳಿ ಕಡೆಯ ಬಸುರಿ ಅಕ್ಕಂದಿರೇ, ಆಶಾ ಅಕ್ಕ ಕೊಟ್ಟ ಕೆಂಪು ಮಾತ್ರೆ ಇನ್ನೂ ಟ್ರಂಕಿನ ಮೇಲೇ ಕೂತಿದೆಯಾ?

ಒಂದು ಮಾತ್ರೇಲಿ 60 ಮಿಲಿಗ್ರಾಂ ಕಬ್ಬಿಣ ಇದೆ, ಜೊತೆಗೆ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ. ಹೆರಿಗೆ ಆದಮೇಲೂ ಅಷ್ಟೇ ದಿನ. ಹಿಮೋಗ್ಲೋಬಿನ್ 11ಕ್ಕಿಂತ ಕಮ್ಮಿ ಇದ್ರೆ ಅದು ರಕ್ತಹೀನತೆ. ಆಗ ಎಷ್ಟು ಮಾತ್ರೆ ಅನ್ನೋದು ಡಾಕ್ಟರ್ ಲೆಕ್ಕ.

"ದಿನಾ ಮುದ್ದೆ ತಿಂತೀನಲ್ಲ, ಸಾಲ್ದಾ?" ಸಾಲಲ್ಲ. ರಾಗಿಯ ಕಬ್ಬಿಣ ಅಷ್ಟು ಸಲೀಸಾಗಿ ಮೈಗೆ ಹತ್ತಲ್ಲ.

"ಮಗು ಕಪ್ಪಾಗುತ್ತಂತೆ?" ಕಪ್ಪಾಗೋದು ಮಲ ಅಷ್ಟೇ, ಮಗು ಅಲ್ಲ!

ಹೊಟ್ಟೆ ತೊಳೆಸಿದ್ರೆ ರಾತ್ರಿ ಊಟ ಆದಮೇಲೆ ನುಂಗಿ. ಟೀ, ಕಾಫಿ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಬಿಡಿ. ಹುರುಳಿಸಾರಿಗೆ ಅರ್ಧ ನಿಂಬೆಹಣ್ಣು ಹಿಂಡ್ಕೊಳ್ಳಿ, ಕಬ್ಬಿಣ ಚೆನ್ನಾಗಿ ಹತ್ತುತ್ತೆ.