ತೊಟ್ಟಿ ಮನೆ, ತೋಟ ಮಾರಾಟಕ್ಕಿದೆ: ಅಡ್ವಾನ್ಸಿಗೆ ಮುನ್ನ ನೋಡಬೇಕಾದ್ದು

ಜಾವಗಲ್, ಹಳೇಬೀಡು, ಅರಸೀಕೆರೆ ಕಡೆಯ ಹಳೇ ತೊಟ್ಟಿ ಮನೆಗಳು ಹಿತ್ತಲು, ಬಾವಿ, ತೆಂಗಿನ ತೋಟದ ಸಮೇತ ಮಾರಾಟಕ್ಕೆ ಬರುತ್ತಿವೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಹೆಂಚು ಕೈಯಾಡಿಸುವವರು ಸಿಗೋದಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ವ್ಯವಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದಾದ್ದರಿಂದ ಪೇಟೆಯವರೂ ಕೇಳಿಕೊಂಡು ಬರುತ್ತಾರೆ. ಕೊಡುವವರೂ ಕೊಳ್ಳುವವರೂ ತಿಳಿದಿರಬೇಕಾದ ಕೆಲವು ಸಂಗತಿ ಇಲ್ಲಿವೆ.

ದಾಖಲೆ ಎರಡು: ಕಣ್ಣಿಗೆ ಒಂದೇ ಆಸ್ತಿ, ಕಾಗದದಲ್ಲಿ ಎರಡು. ಗ್ರಾಮಠಾಣದ ಮನೆಗೆ ಪಂಚಾಯ್ತಿಯ ಇ-ಸ್ವತ್ತು ಖಾತೆ, ತೋಟಕ್ಕೆ ಪಹಣಿ. ಎಷ್ಟೋ ಕಡೆ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇರುತ್ತದೆ. ಮೊದಲು ಪೌತಿ ಖಾತೆ ಆಗಲಿ. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಕೊಡುವುದಾದರೆ 11ಇ ನಕ್ಷೆ ಬೇಕು. ಋಣಭಾರ ಪತ್ರವನ್ನು ಎರಡಕ್ಕೂ ಬೇರೆಬೇರೆ ತೆಗೆಸಿ.

ಹೆಣ್ಣುಮಕ್ಕಳ ಪಾಲು: ತಕರಾರು ಹುಟ್ಟುವುದು ಇಲ್ಲೇ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳುತ್ತದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅಣ್ಣತಮ್ಮಂದಿರು ಮಾತ್ರ ರುಜು ಹಾಕಿದ ಕ್ರಯಪತ್ರ ಮುಂದೆ ಕೋರ್ಟು ಹತ್ತಬಹುದು. ಅಕ್ಕತಂಗಿಯರನ್ನು ಕೂರಿಸಿ ಮಾತಾಡಿ, ರುಜು ಹಾಕಿಸಿ.

ನೀರು, ದಾರಿ: ಬೋರು ಯಾರ ಪಾಲಿನಲ್ಲಿದೆ, ಪಂಪಿನ ಆರ್.ಆರ್. ನಂಬರ್ ಯಾರ ಹೆಸರಲ್ಲಿದೆ, ತೋಟಕ್ಕೆ ಗಾಡಿದಾರಿ ನಕ್ಷೆಯಲ್ಲಿದೆಯೋ ಬಾಯಿಮಾತಿನಲ್ಲಿದೆಯೋ ನೋಡಿ. ಮರದ ಮೇಲಿನ ಫಸಲು ಯಾರಿಗೆ ಅನ್ನೋದನ್ನೂ ಕರಾರಿನಲ್ಲಿ ಬರೆಸಿ.

ಮನೆಯ ಪರೀಕ್ಷೆ: ಮಳೆ ಬಂದ ಮಾರನೇ ದಿನ ಹೋಗಿ. ತೊಟ್ಟಿಯ ನೀರು ಹೊರಗೆ ಹರಿಯುತ್ತದೆಯೇ? ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗವನ್ನು ಚೂಪಾದ ಕಬ್ಬಿಣದಿಂದ ಚುಚ್ಚಿ. ಮೆತ್ತಗಿದ್ದರೆ ಲಡ್ಡು ಹಿಡಿದಿದೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿದಿದ್ದರೆ ಎಚ್ಚರ, ತೇವ ಒಳಗೇ ಉಳಿದು ಗೋಡೆ ಸಡಿಲವಾಗುತ್ತದೆ. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತದೆ.

ಅಟ್ಟವನ್ನು ಮರೆಯಬೇಡಿ. ಉಂಡೆ ಕೊಬ್ಬರಿಗೆ ಕಾಯಿ ಹತ್ತಾರು ತಿಂಗಳು ಗಾಳಿಯಾಡುವ ನೆರಳಲ್ಲಿ ಇರಬೇಕು. ಗಟ್ಟಿ ಅಟ್ಟವಿರುವ ಹಳೇ ಮನೆ ತೆಂಗು ಬೆಳೆಗಾರನಿಗೆ ಉಗ್ರಾಣವೂ ಹೌದು. ಬೆಲೆ ಕಟ್ಟುವಾಗ ಇದನ್ನೂ ಹಿಡಿಯಬೇಕು.

ಸ್ಮಾರಕದ ಹತ್ತಿರವಿದ್ದರೆ: ಬೇಲೂರು, ಹಳೇಬೀಡಿನ ದೇವಸ್ಥಾನಗಳಂಥ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ. ಅಲ್ಲಿಂದ ಮುಂದಿನ 200 ಮೀಟರ್‌ನಲ್ಲಿ ಅನುಮತಿ ಬೇಕು. 100 ಮೀಟರ್ ಒಳಗೆ ಹಳೇ ಮನೆ ರಿಪೇರಿಗೂ ಅನುಮತಿ ಪಡೆಯಬೇಕು. ಕೆಡವಿದರೆ ಮತ್ತೆ ಕಟ್ಟಲಾಗದೆ ಕೈ ಕಟ್ಟಿ ಕೂರಬೇಕಾದೀತು!

ಬಿಡಿಯೋ, ಇಡಿಯೋ: ಗಿರಾಕಿ ಸಿಗದಿದ್ದರೆ ಕೆಲವರು ಕಂಬ, ಬೋದಿಗೆ, ಬಾಗಿಲುವಾಡ ಕಿತ್ತು ಮರದ ವ್ಯಾಪಾರಿಗೆ ಕೊಡುತ್ತಾರೆ. ದುಡ್ಡು ಬೇಗ ಕೈಗೆ ಬರುತ್ತದೆ, ನಿಜ. ಆದರೆ ಕಂಬ ಹೋದ ಮನೆ ಬರೀ ನಿವೇಶನ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕುಂಜೂರು ಚೌಕಿ ಮನೆಯಂಥ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಹಳ್ಳಿಯಲ್ಲಿ ಮತ್ತೆ ನಿಲ್ಲಿಸಿದರು. ಎಲ್ಲ ಮನೆಗೂ ಆ ಭಾಗ್ಯ ಇಲ್ಲ.

ಮಾರಲೇಬೇಕೆಂದಿದ್ದರೆ ಗಿರಾಕಿ ಬರುವ ತನಕ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಹೆಂಚು ಕೈಯಾಡಿಸಿ. ಸೋರದ ಮನೆಗೆ ಮಾತ್ರ ಮನೆಯ ಬೆಲೆ ಸಿಗುತ್ತದೆ.